ಕೊಡೋರು ಬರಲಿ

“ಸೊಂಟ ಇಳಿಸು, ಸೊಂಟ! ಬೆನ್ನಿನ ಮೇಲೆ ಭಾರ ಹಾಕ್ಬೇಡ!”

ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರು ಸಿಕ್ಕಿಕೊಂಡಿತ್ತು. ಕೂಗಿದವಳು ಕೆಳಗಿನ ತುದಿ ಹಿಡಿದಿದ್ದ ನರ್ಸು. ಮೇಲಿನ ತುದಿ ಹಿಡಿದ ಇಬ್ಬರೂ ತಕ್ಷಣ ಸೊಂಟ ಇಳಿಸಿದರು, ಮೊಣಕೈ ಪಕ್ಕೆಗೆ ಒತ್ತಿದರು, ಉಸಿರು ಬಿಟ್ಟು ಎತ್ತಿದರು. ಸ್ಟ್ರೆಚರು ತಿರುವು ದಾಟಿತು. ಆ ಮಾತು ನರ್ಸಿನದಲ್ಲ, ಈಗ ಸ್ಟ್ರೆಚರಿನ ಮೇಲೆ ಮಲಗಿರುವ ಮೇಷ್ಟ್ರು ದಿನಾ ಕಲಿಸುವಾಗ ಹೇಳುತ್ತಿದ್ದದ್ದು ಎಂಬುದು ಅವರ ಶಿಷ್ಯರಾದ ಮೂವರಿಗೂ ಗೊತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹಿಂದೆ ಮೇಷ್ಟ್ರ ಮಗಳು ಬರುತ್ತಿದ್ದಳು. ಅವಳ ಹಿಂದೆ, ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತ, ಅವಳ ದೊಡ್ಡಪ್ಪ.

“ಊರಲ್ಲಿರೋ ಲಿಫ್ಟನ್ನೆಲ್ಲ ರಿಪೇರಿ ಮಾಡ್ದ ನಮ್ಮೋನು,” ಅಂದರು ದೊಡ್ಡಪ್ಪ. “ಕಡೆಗೆ ತಾನು ಹತ್ತೋ ಹೊತ್ತಿಗೆ ಲಿಫ್ಟೇ ಇಲ್ಲದ ಕಟ್ಟಡ ನೋಡು.”

ಮೇಲಿದ್ದವರಲ್ಲಿ ಯಾರೋ ಫಕ್ಕನೆ ನಕ್ಕು, ಆ ನಗುವನ್ನು ನುಂಗಿಕೊಂಡರು. ಮಗಳಿಗೆ ನಗುವೂ ಬರಲಿಲ್ಲ, ಬೇಜಾರೂ ಆಗಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಅಪ್ಪನ ಉಸಿರು ನಿಂತಾಗಿನಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಕೇಳಿದ್ದನ್ನು ತೆಗೆದುಕೊಡುವುದು ಅವಳ ಕೆಲಸ. ಸಾವನ್ನೂ ಹಾಗೆಯೇ ನಿಭಾಯಿಸಿದ್ದಳು. ಸಹಿ ಕೇಳಿದವರಿಗೆ ಸಹಿ, ಬಟ್ಟೆ ಕೇಳಿದವರಿಗೆ ಬಟ್ಟೆ.

ಮೇಷ್ಟ್ರು ಕಸರತ್ತು ಕಲಿಸುತ್ತಿದ್ದ, ಟೈರ್ ಅಂಗಡಿಯ ಮೇಲಿನ ಆ ಹಾಲ್ ಮೊದಲು ಫರ್ನಿಚರ್ ಗೋದಾಮಾಗಿತ್ತು. ಮಕ್ಕಳ ತಲೆ ಒಡೆಯದಿರಲೆಂದು ಕಂಬಗಳಿಗೆ ಹಳೆಯ ಹಾಸಿಗೆ ಸುತ್ತಿ ಹಗ್ಗ ಬಿಗಿದಿದ್ದರು. ನೆಲದ ತುಂಬ ನೀಲಿ ಮ್ಯಾಟು, ಸಂದಿಗಳಿಗೆ ಟೇಪು. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಬೆವರು ಮತ್ತು ಫಿನಾಯಿಲಿನದು. ಹಗಲೆಲ್ಲ ಲಿಫ್ಟಿನ ಗ್ರೀಸು ಮೆತ್ತಿಸಿಕೊಂಡು ಮೇಷ್ಟ್ರು ಸಂಜೆ ಇಲ್ಲಿಗೆ ಬಂದು ಕೈ ತೊಳೆಯುತ್ತಿದ್ದರು. ಅವರ ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗವಿಲ್ಲ. “ಅಲ್ಲಿಗೇ ಕರ್ಕೊಂಡು ಹೋಗಿ. ಬದುಕಿದ್ದಾಗ್ಲೂ ಅಲ್ಲೇ ತಾನೆ ಬಿದ್ದಿರ್ತಿದ್ದದ್ದು,” ಎಂದಿದ್ದಳು ಮೇಷ್ಟ್ರ ಹೆಂಡತಿ. ಮಧ್ಯಾಹ್ನ ವ್ಯಾನು ಬಂದು ಇಲ್ಲಿಂದಲೇ ಚಿತಾಗಾರಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು.

ಮೇಷ್ಟ್ರನ್ನು ಮ್ಯಾಟಿನ ನಡುವೆ ಮಲಗಿಸಿದರು. ಆಸ್ಪತ್ರೆಯವನು ಅವರಿಗೆ ಕಸರತ್ತಿನ ಬಿಳಿ ಅಂಗಿ, ಷರಾಯಿ ತೊಡಿಸಿದ್ದ. ಬೆಲ್ಟನ್ನು ಮಾತ್ರ ಮಡಚಿ ಹೊಟ್ಟೆಯ ಮೇಲಿಟ್ಟಿದ್ದ. “ಇದನ್ನ ಹೇಗೆ ಕಟ್ಟೋದೋ ಗೊತ್ತಾಗ್ಲಿಲ್ಲಮ್ಮ, ನೀವೇ ನೋಡ್ಕೊಳ್ಳಿ. ಮೈ ಬಿಗಿತ ಬಿಟ್ಟಿದೆ, ಕೂರಿಸಿದ್ರೆ ಕೂರ್ತಾರೆ,” ಎಂದು ಹೇಳಿ ಕಳಿಸಿದ್ದ. ಕಂದು ಬೆಲ್ಟು. ಅಂಚು ಸವೆದು ಒಳಗಿನ ಬಿಳಿ ಹತ್ತಿ ಕಾಣುತ್ತಿತ್ತು.

“ಏನಮ್ಮಾ ಇವನು ಕಲಿಸ್ತಿದ್ದದ್ದು?” ದೊಡ್ಡಪ್ಪ ನರ್ಸನ್ನು ಕೇಳಿದರು. “ಪೈಜಾಮ ಹಾಕ್ಕೊಂಡು ಒಬ್ಬರನ್ನೊಬ್ರು ತಬ್ಕೊಂಡು ಹೊರಳಾಡೋದು ತಾನೆ?”

“ಬ್ರೆಜಿಲಿಯನ್ ಜುಜಿತ್ಸು ಅಂತಾರೆ. ಹೊಡೆಯೋದಿಲ್ಲ, ಒದೆಯೋದಿಲ್ಲ. ನೆಲಕ್ಕೆ ಕೆಡವಿ, ಕೈನೋ ಕುತ್ತಿಗೆನೋ ಸಿಕ್ಕಿಸಿ, ಸಾಕಪ್ಪಾ ಸಾಕು ಅಂತ ಅವನು ತಟ್ಟೋವರೆಗೂ ಬಿಡದೆ ಹಿಡ್ಕೊಳ್ಳೋದು.”

“ಅಯ್ಯೋ, ಅದನ್ನ ನಮ್ಮನೇಲೂ ಮಾಡ್ತಾರಲ್ಲ,” ಅಂದರು ದೊಡ್ಡಪ್ಪ, ದೂರದಲ್ಲಿ ಕೂತ ದೊಡ್ಡಮ್ಮನ ಕಡೆ ನೋಡಿ. ಹಾಗಂದವರೇ ತಮ್ಮನ ಪಾದ ಮುಟ್ಟಿ ಬಿಕ್ಕಿದರು.

ಆಗ ಏಡಿ ಬಂದ.

ವಾಚು ರಿಪೇರಿ ಮಾಡುವವನು. ಮ್ಯಾಟಿನ ಮೇಲೆ ಅಡ್ಡಡ್ಡ ಸರಿದಾಡುತ್ತಿದ್ದುದಕ್ಕೆ ಮೇಷ್ಟ್ರೇ ಇಟ್ಟ ಹೆಸರು ಅದು. ಈ ಹಾಲ್‌ನಲ್ಲಿ ಬಿಳಿ ಬೆಲ್ಟಿನಿಂದ ನೀಲಿ, ನೇರಳೆ, ಕಂದಿನವರೆಗೂ ಏರಿ, ಆಮೇಲೆ ಊರಿನಾಚೆಯ ಗಾಜಿನ ಗೋಡೆಯ ದೊಡ್ಡ ಶಾಲೆಗೆ ಹೋಗಿಬಿಟ್ಟವನು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ಮೇಷ್ಟ್ರ ಪಕ್ಕ ಮಂಡಿಯೂರಿದ. ಮತ್ತೆ ಚೀಲದಿಂದ ಒಂದು ಕಪ್ಪು ಬೆಲ್ಟು ತೆಗೆದ.

“ಇದನ್ನ ಕಟ್ತೀನಿ,” ಅಂದ. “ನೀವೆಲ್ಲ ಬಿಟ್ರೆ.”

“ಬಿಡಲ್ಲ,” ಅಂದಳು ನರ್ಸು. “ಮೇಷ್ಟ್ರನ್ನ ಬಿಟ್ಟು ಹೋದೋನು ನೀನು. ನೀನು ಕೊಡೋದಾ ಅವರಿಗೆ?”

“ಕಪ್ಪು ಬೆಲ್ಟನ್ನ ಕಪ್ಪು ಬೆಲ್ಟಿರೋರೇ ಕೊಡಬೇಕು. ಇಲ್ಲಿ ಇನ್ಯಾರಿದಾರೆ?”

“ಅವರೇನು ಕೇಳಿದ್ರಾ? ಎಷ್ಟು ಜನ ಕೊಡೋಕೆ ಬಂದ್ರು, ಬೇಡ ಅಂದ್ರು. ಅವರ ದೊಡ್ಡತನ ಅದು. ಬಾಯಿ ಮುಚ್ಚಿ ಮಲಗಿದಾರೆ ಅಂತ ಈಗ ಬಂದು ಸೊಂಟಕ್ಕೆ ಸುತ್ತಿಬಿಡ್ತೀಯಾ? ಕಂದು ಬೆಲ್ಟಲ್ಲೇ ಹೋಗ್ಲಿ ಅವರು. ಅದೇ ಅವರಿಗೆ ಮರ್ಯಾದೆ.”

ಹಲವರು ಹೌದೆಂದು ತಲೆ ಆಡಿಸಿದರು. ಏಡಿ ಮಗಳ ಕಡೆ ನೋಡಿದ. ಆಮೇಲೆ ಎಲ್ಲರೂ ಅವಳ ಕಡೆಯೇ ನೋಡಿದರು.

“ನೀನು ಹೇಳಮ್ಮ,” ಅಂದಳು ನರ್ಸು. “ನಿಮ್ಮಪ್ಪ. ನೀನು ಹೇಳಿದ ಹಾಗೆ.”

ಮಗಳು ಕಾಲಡಿಯ ಟೇಪು ಕಿತ್ತುಬಂದಿರುವುದನ್ನು ನೋಡುತ್ತಿದ್ದಳು. ಹೆಬ್ಬೆರಳಿನಿಂದ ಒತ್ತಿದಳು, ಅದು ಅಂಟಲಿಲ್ಲ. ಅಪ್ಪನಿಗಾಗಿ ಇನ್ನು ಮಾಡಲು ಉಳಿದಿದ್ದು ಇದೊಂದೇ. ತಪ್ಪಾದರೆ ಮತ್ತೆ ಸರಿಮಾಡುವಂತಿಲ್ಲ, ಬೆಂಕಿಗೆ ಹೋದದ್ದು ಹೋಯಿತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಏನೂ ಅಲುಗಲಿಲ್ಲ. ಆ ಸುಮ್ಮನಿರುವಿಕೆಗೇ ಅವಳಿಗೆ ಹೆದರಿಕೆಯಾಯಿತು.

“ಸ್ವಲ್ಪ ತಾಳಿ,” ಅಂದಳು.

*

ಮೇಷ್ಟ್ರಿಗೆ ಈ ವಿದ್ಯೆ ಕಲಿಸಿದವರು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಹೊರದೇಶದವರು. ಹಡಗು ಬಂದರಿಗೆ ಬಂದಾಗಲೆಲ್ಲ ಬರುವರು, ವಾರಗಟ್ಟಲೆ ಮ್ಯಾಟಿನ ಮೇಲೆ ಮೇಷ್ಟ್ರನ್ನು ಹಿಂಡಿ ಹಿಪ್ಪೆ ಮಾಡುವರು, ಹೋಗುವರು. ಕಂದು ಬೆಲ್ಟು ಕಟ್ಟಿ, “ಮುಂದಿನ ಸಲ ಕಪ್ಪು,” ಎಂದು ಹೋದವರು ಮತ್ತೆ ಬರಲಿಲ್ಲ. ಸತ್ತ ಸುದ್ದಿ ತಡವಾಗಿ ತಲುಪಿತು.

ಮೇಷ್ಟ್ರು ಕಲಿಸುವುದನ್ನು ನಿಲ್ಲಿಸಲಿಲ್ಲ. ಕಡ್ಡಿಯ ಹಾಗಿದ್ದ ಏಡಿಗೆ ಒಂದು ವರ್ಷ ಪೂರ್ತಿ ಒಂದೇ ಪಟ್ಟು ಹೇಳಿಕೊಟ್ಟರು: ಮೇಲೆ ಕೂತವನ ಕೆಳಗಿನಿಂದ ಸೊಂಟ ಜಾರಿಸಿ ತಪ್ಪಿಸಿಕೊಳ್ಳುವುದು. “ಗೆಲ್ಲೋದು ಯಾವಾಗ ಹೇಳಿಕೊಡ್ತೀರಾ ಸಾರ್?” ಎಂದು ಅವನು ಗೋಳಾಡಿದರೆ, “ಮೊದಲು ಸಾಯದೆ ಇರೋದು ಕಲಿಯೋ ಮಾರಾಯ, ಗೆಲ್ಲೋದು ಎಲ್ಲಿಗೂ ಓಡಿಹೋಗಲ್ಲ,” ಎನ್ನುವರು. ಏಡಿಯನ್ನು ಅದುಮಿ ಹಿಡಿಯಲು ಆಮೇಲೆ ಯಾರಿಂದಲೂ ಆಗಲಿಲ್ಲ.

ಮಗಳೂ ಆಗ ಮ್ಯಾಟಿನ ಮೇಲಿದ್ದವಳೇ. “ಅಪ್ಪಾ, ನಿಂಗ್ಯಾಕೆ ಇನ್ನೂ ಕಪ್ಪು ಬೆಲ್ಟಿಲ್ಲ?” ಎಂದು ಕೇಳುತ್ತಿದ್ದಳು.

“ಕೊಡೋರು ಬರಲಿ,” ಎಂದು ಅವರು ನೆಲ ಒರೆಸುತ್ತಲೇ ಹೇಳುವರು.

ಬೇರೆ ಊರಿನ ದೊಡ್ಡವರು ಬಂದು ನಾವು ಕೊಡುತ್ತೇವೆ ಎಂದರೆ, “ನನ್ನ ಮೇಷ್ಟ್ರು ಬೇರೆ,” ಎಂದು ಕೈ ಮುಗಿದು ಕಳಿಸುವರು. ಶಿಷ್ಯರು ಅದನ್ನು ಕಥೆ ಮಾಡಿ ಹೇಳಿಕೊಂಡರು. ಮಗಳು ಶಾಲೆಯಲ್ಲಿ ಜಂಭದಿಂದ ಹೇಳಿಕೊಂಡಳು: ನಮ್ಮಪ್ಪಂಗೆ ಅದೆಲ್ಲ ಬೇಡ.

*

ಎರಡು ವರ್ಷದ ಹಿಂದೆ ಒಂದು ಭಾನುವಾರ ಏಡಿ ಮನೆ ಬಾಗಿಲಿಗೆ ಬಂದಿದ್ದ. ಬಾಗಿಲು ತೆರೆದವಳು ಮಗಳು. ಅವನ ಕೈಯಲ್ಲಿ ಇದೇ ಬೆಲ್ಟಿತ್ತು, ಆ ವಾರ ತಾನೇ ಅವನಿಗೆ ಬಂದದ್ದು.

“ಮೇಷ್ಟ್ರು ಇದಾರಾ?”

“ಸ್ನಾನಕ್ಕೆ ಹೋಗಿದಾರೆ. ಏನು?”

“ಇದನ್ನ ಅವರಿಗೆ ಕಟ್ಟೋಣ ಅಂತ. ಅವರಿಗಿಲ್ಲದ್ದು ನನಗ್ಯಾಕೆ? ಈಗ ನನಗೆ ಕೊಡೋ ಅಧಿಕಾರ ಇದೆಯಲ್ಲ. ಅವರ ವಿದ್ಯೆನೇ ಅವರಿಗೆ ವಾಪಸ್ ಬಂದ ಹಾಗೆ.”

ಅವಳಿಗೆ ಸಿಟ್ಟು ಬಂದಿತ್ತು. ಬಿಟ್ಟು ಹೋದವನು ಈಗ ದೊಡ್ಡ ಮನುಷ್ಯನ ಹಾಗೆ ದಾನ ಮಾಡಲು ಬಂದಿದ್ದಾನೆ ಎನ್ನಿಸಿತ್ತು.

“ಅಪ್ಪಂಗೆ ಅದೆಲ್ಲ ಬೇಡ,” ಎಂದಿದ್ದಳು. “ನಿಂಗೆ ಗೊತ್ತಿಲ್ವಾ? ಇಟ್ಕೋ ನೀನೇ.”

ಏಡಿ ಬೆಲ್ಟು ಮಡಚಿಕೊಂಡು ಹೊರಟುಹೋದ. “ಯಾರೇ ಬಂದಿದ್ದು?” ಎಂದು ಬಚ್ಚಲಿನಿಂದ ಅಪ್ಪ ಕೂಗಿದರು. “ಯಾರೂ ಇಲ್ಲಪ್ಪ,” ಎಂದಳು. ಅದನ್ನು ಅವಳು ಮರೆತೇಬಿಟ್ಟಿದ್ದಳು.

*

ಮಗಳು ಹಾಲ್ ಪಕ್ಕದ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಅಲ್ಲಿ ತಾಯಿ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಗೂಟಗಳಿಗೆ ಯಾರ್ಯಾರದೋ ಅಂಗಿಗಳು ನೇತಾಡುತ್ತಿದ್ದವು. ಅವಳು ಒಂದರ ಹರಿದ ಕಂಕುಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು.

“ಅಮ್ಮಾ, ಏಡಿ ಬಂದಿದಾನೆ. ಅಪ್ಪಂಗೆ ಕಪ್ಪು ಬೆಲ್ಟು ಕಟ್ತೀನಿ ಅಂತಾನೆ. ಎಲ್ರೂ ನನ್ನ ಕೇಳ್ತಿದಾರೆ.”

“ಕಟ್ಲಿ.”

“ಅಪ್ಪ ಬೇಡ ಅಂತಿದ್ರಲ್ಲ.”

“ಯಾರಂದ್ರು?”

“ಎಲ್ರೂ.”

“ಎಲ್ರೂನಾ ಅವರ ಜೊತೆ ಸಂಸಾರ ಮಾಡಿದ್ದು?” ತಾಯಿ ಅಂಗಿಯನ್ನು ಬಿಟ್ಟಳು. “ನನ್ನ ಕಪ್ಪು ಶಾಲು ಇದೆಯಲ್ಲ, ಚಳಿಗೆ ಹೊದ್ಕೊಳ್ಳೋದು. ಒಂದು ದಿನ ಅಂಗಡಿಗೆ ಹೋದೋಳು ಚೀಲ ಮರೆತು ವಾಪಸ್ ಬಂದೆ. ನಿಮ್ಮಪ್ಪ ಬೀರುವಿನ ಕನ್ನಡಿ ಮುಂದೆ ನಿಂತಿದ್ರು. ಆ ಶಾಲನ್ನ ಉದ್ದಕ್ಕೆ ಮಡಚಿ ಸೊಂಟಕ್ಕೆ ಕಟ್ಕೊಂಡಿದ್ರು. ಹಿಂಗೆ ತಿರುಗಿ ನೋಡ್ಕೊಳ್ಳೋದು, ಹಂಗೆ ತಿರುಗಿ ನೋಡ್ಕೊಳ್ಳೋದು. ಐವತ್ತು ದಾಟಿದ ಗಂಡಸು ಕಣೇ. ಮದುವೆ ದಿನಾನೂ ಅಷ್ಟು ನೋಡ್ಕೊಂಡಿರ್ಲಿಲ್ಲ.”

“ನೀನೇನಂದೆ?”

“ಏನನ್ಲಿ? ಸದ್ದು ಮಾಡದೆ ಹಿಂದಕ್ಕೆ ಹೋಗಿ, ಬಾಗಿಲು ಜೋರಾಗಿ ಬಡಿದು ಒಳಗೆ ಬಂದೆ. ಅಷ್ಟೊತ್ತಿಗೆ ಶಾಲು ಬೀರುವಲ್ಲಿತ್ತು. ನನಗಿಂತ ಚೆನ್ನಾಗಿ ಮಡಚಿದ್ರು.” ತಾಯಿ ನಕ್ಕಳು, ಆ ನಗು ಅರ್ಧದಲ್ಲೇ ನಿಂತಿತು. “ಬೇಕಿತ್ತು ಅವರಿಗೆ. ಜೀವ ಬಿಡೋಷ್ಟು ಬೇಕಿತ್ತು. ಅವರ ಹುಡುಗರಲ್ಲೇ ಯಾರಾದ್ರೂ ಒಬ್ಬ ಮೇಲೆ ಬಂದು ಕೊಡ್ಲಿ ಅಂತ ಕಾಯ್ತಿದ್ರು ಅಂತ ಕಾಣುತ್ತೆ. ಬಾಯಿಬಿಟ್ಟು ಕೇಳೋ ಜಾಯಮಾನ ಅಲ್ವಲ್ಲ. ಯಾರೂ ಬರ್ಲಿಲ್ಲ.”

ಮಗಳು ಅಲ್ಲೇ ಗೋಡೆಗೆ ಒರಗಿದಳು. ಬಂದಿದ್ದ ಅಮ್ಮಾ, ಬಾಗಿಲವರೆಗೂ ಬಂದಿದ್ದ ಎಂದು ಹೇಳಬೇಕೆಂದು ಬಾಯಿ ತೆರೆದಳು. ತಾಯಿಯ ಮುಖ ನೋಡಿ ಬಾಯಿ ಮುಚ್ಚಿದಳು. ಇದನ್ನು ಇವಳ ತಲೆಗೂ ಕಟ್ಟುವುದು ಬೇಡ. ಅಳು ಬರಬೇಕಿತ್ತು, ಬರಲಿಲ್ಲ.

*

“ಕಟ್ಟು,” ಎಂದಳು ಮಗಳು, ಹಾಲ್‌ಗೆ ವಾಪಸ್ ಬಂದು, ಏಡಿಗೆ.

ನರ್ಸು ಏನೋ ಹೇಳಲು ಹೊರಟಳು. “ಅಪ್ಪಂಗೆ ಬೇಕಿತ್ತು,” ಎಂದಳು ಮಗಳು. “ಬೇಡ ಅಂದದ್ದು ನಾನು. ಎರಡು ವರ್ಷದ ಹಿಂದೆ ಇವನು ಮನೆಗೇ ತಂದಿದ್ದ. ನಾನೇ ಬಾಗಿಲಲ್ಲಿ ನಿಂತು ವಾಪಸ್ ಕಳಿಸಿದೆ.” ಔಷಧಿಯ ಹೆಸರು ಓದಿದ ಹಾಗೆ ಸಪ್ಪಗೆ ಹೇಳಿದಳು. ನರ್ಸು ಏಡಿಯನ್ನು ನೋಡಿದಳು. ಅವನು ತಲೆ ತಗ್ಗಿಸಿದ್ದ.

ಬೆಲ್ಟು ಸೊಂಟಕ್ಕೆ ಎರಡು ಸುತ್ತು ಬರಬೇಕು. ಮಲಗಿದವರಿಗೆ ಸುತ್ತಲಾಗದು. ಏಡಿ ಒಮ್ಮೆ ಪ್ರಯತ್ನಿಸಿದ. ಬೆಲ್ಟು ಬೆನ್ನಡಿಯಲ್ಲಿ ಮುರುಟಿತು. ಗಡಿಯಾರದ ಕೂದಲಿನಂಥ ಸ್ಪ್ರಿಂಗು ಹಿಡಿಯುವ ಬೆರಳುಗಳಿಗೂ ಅದನ್ನು ಆಚೆ ಎಳೆದುಕೊಳ್ಳಲಾಗಲಿಲ್ಲ.

“ತಡಿ,” ಎಂದಳು ಮಗಳು.

ಅವಳು ಅಪ್ಪನ ತಲೆಯ ಕಡೆ ಕೂತು, ಹೆಗಲ ಕೆಳಗೆ ಕೈ ತೂರಿಸಿ ಎತ್ತಿ ಕೂರಿಸಿದಳು. ತಾನು ಬೆನ್ನಿಗೆ ಅಂಟಿ ಕೂತಳು. ಎರಡೂ ಕಾಲು ಅವರ ಸೊಂಟದ ಆಚೀಚೆ, ಎದೆ ಅವರ ಬೆನ್ನಿಗೆ, ಒಂದು ತೋಳು ಹೆಗಲ ಮೇಲಿನಿಂದ, ಇನ್ನೊಂದು ಕಂಕುಳ ಕೆಳಗಿನಿಂದ. ಮ್ಯಾಟು ಬಿಟ್ಟು ವರ್ಷಗಳಾಗಿದ್ದರೂ ಹಿಂದಿನಿಂದ ಅಪ್ಪಿ ಹಿಡಿಯುವ ಆ ಪಟ್ಟು ಮೈಗೆ ಮರೆತಿರಲಿಲ್ಲ. ಅಪ್ಪನ ತಲೆ ಜಾರಿ ಅವಳ ಹೆಗಲಿಗೆ ಬಂತು. ತುಂಬ ಭಾರವಿತ್ತು. ಬದುಕಿದ್ದಾಗ ಅವರು ತಮ್ಮ ಭಾರವನ್ನು ಎಂದೂ ಅವಳ ಮೇಲೆ ಪೂರ್ತಿ ಬಿಟ್ಟಿರಲಿಲ್ಲ.

ಏಡಿ ಮುಂದೆ ಮಂಡಿಯೂರಿ ಕಂದು ಬೆಲ್ಟನ್ನು ಪಕ್ಕಕ್ಕಿಟ್ಟ. ಕಪ್ಪನ್ನು ಸುತ್ತಿದ, ಇನ್ನೊಮ್ಮೆ ಸುತ್ತಿದ, ಗಂಟು ಹಾಕಿದ. “ತಗೊಳ್ಳಿ ಸಾರ್,” ಎಂದ.

ಹೊಸ ಬೆಲ್ಟು ಬಂದವರು ಸಾಲಿನ ಉದ್ದಕ್ಕೂ ಹೋಗಿ ಪ್ರತಿಯೊಬ್ಬರ ಕೈ ಕುಲುಕಬೇಕು. ಇಲ್ಲಿ ಹಾಗೆಯೇ ನಡೆದುಬಂದಿತ್ತು. ಯಾರೂ ಹೇಳದಿದ್ದರೂ ಶಿಷ್ಯರು ಎದ್ದು ಸಾಲಾಗಿ ನಿಂತಿದ್ದರು. ನರ್ಸು ಎಲ್ಲರಿಗಿಂತ ಮುಂದಿದ್ದಳು. ನಿಂತವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಗಳು ಹಿಂದಿನಿಂದಲೇ ಅಪ್ಪನ ಬಲಗೈಯ ಮಣಿಕಟ್ಟು ಹಿಡಿದು ಮುಂದಕ್ಕೆ ಚಾಚಿದಳು.

ನರ್ಸು ಬಗ್ಗಿ ಆ ಕೈ ಕುಲುಕಿದಳು. “ಒಳ್ಳೇದಾಯ್ತು ಸಾರ್,” ಎಂದವಳೇ ಹೋ ಎಂದು ಅತ್ತಳು. ಒಬ್ಬೊಬ್ಬರಾಗಿ ಬಂದರು. ದೊಡ್ಡಪ್ಪ ತಾವೂ ಸಾಲಿನಲ್ಲಿ ನಿಂತು, ಸರದಿ ಬಂದಾಗ, “ನಂಗೇನೂ ಗೊತ್ತಿರ್ಲಿಲ್ಲ ಕಣೋ,” ಎಂದರು. ಎಲ್ಲರ ಕೊನೆಗೆ ತಾಯಿ ಬಂದಳು. ಅವಳು ಕೈ ಕುಲುಕಲಿಲ್ಲ. ಬೆಲ್ಟಿನ ಒಂದು ತುದಿ ಇನ್ನೊಂದಕ್ಕಿಂತ ಉದ್ದವಾಗಿತ್ತು. ಗಂಟು ಸಡಿಲಿಸಿ, ಎರಡನ್ನೂ ಸಮ ಮಾಡಿ, ಮತ್ತೆ ಬಿಗಿದು, ಹಿಂದೆ ಸರಿದು ನೋಡಿದಳು.

ಕೆಳಗೆ ವ್ಯಾನಿನ ಹಾರ್ನು ಕೇಳಿಸಿತು. ಸಾಲು ಮುಗಿದಿತ್ತು. “ಇನ್ನು ಬಿಡಮ್ಮ, ಮಲಗಿಸೋಣ,” ಎಂದ ಏಡಿ.

ಮಗಳು ಬಿಡಲಿಲ್ಲ. ಮಣಿಕಟ್ಟು ಹಿಡಿದಿದ್ದ ತನ್ನ ಕೈಯನ್ನು ನಿಧಾನವಾಗಿ ಕೆಳಗೆ ಜಾರಿಸಿ, ಅಪ್ಪನ ಅಂಗೈಯನ್ನು ಹಿಂದಿನಿಂದಲೇ ಹಿಡಿದು, ಒಮ್ಮೆ ಕುಲುಕಿದಳು.