ಬಲಗೈಗೆ ಸಿಕ್ಕ ಕೆಲಸ

ಪ್ಲಾಸ್ಟರ್ ಬಿಚ್ಚಿದಾಗ ಹೊರಬಂದ ಬಲಗೈ ತನ್ನದೇ ಎಂದು ಅಕ್ಕನಿಗೆ ನಂಬಲಾಗಲಿಲ್ಲ. ಸೊರಗಿ, ಬಿಳಿಚಿಕೊಂಡು, ಯಾರದೋ ಕೈಯನ್ನು ತಂದು ಅಂಟಿಸಿದಂತಿತ್ತು. ಮೆಟ್ಟಿಲಲ್ಲಿ ಜಾರಿ ಬಿದ್ದು ಮುರಿದ ಮೂಳೆಯೇನೋ ಕೂಡಿತ್ತು. ಬೆರಳುಗಳು ಮಾತ್ರ ಮುಷ್ಟಿ ಕಟ್ಟಲು ಒಲ್ಲೆನ್ನುತ್ತಿದ್ದವು. ಬಟ್ಟೆ ಹೊಲಿದು ಬದುಕುವವಳಿಗೆ ಅದೇ ದೊಡ್ಡ ಚಿಂತೆ. ಆಸ್ಪತ್ರೆಯವರು ಹಿಸುಕಲೆಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವಳು ಅದನ್ನು ಸೋಫಾದ ಕೆಳಗೆ ಉರುಳಿಸಿಬಿಟ್ಟಳು.

"ಸುಮ್‌ಸುಮ್ನೆ ಹಿಸುಕ್ತಾ ಕೂರೋಕೆ ನಂಗಾಗಲ್ಲ. ಕೆಲಸ ಅಂದ್ಮೇಲೆ ಕೊನೇಲಿ ಏನಾದ್ರೂ ಕಣ್ಣಿಗೆ ಕಾಣ್ಬೇಕು."

ಶಾಲೆಯ ಬಸ್ಸು ಓಡಿಸಿ ದಣಿದು ಬಂದಿದ್ದ ತಂಗಿ ಕಾಲು ಚಾಚಿ ಕೂತಿದ್ದಳು. "ಹಾಗಾದ್ರೆ ಕುಕೀಸ್ ಮಾಡು. ಬೆಣ್ಣೆ ಸಕ್ಕರೆ ಕೈಯಲ್ಲೇ ಗೊಟಾಯಿಸು. ನಿನ್ನ ಕೈಗೂ ಕೆಲಸ, ನನ್ನ ಬಾಯಿಗೂ ಕೆಲಸ."

ತಮಾಷೆಗೆ ಆಡಿದ ಮಾತನ್ನು ಅಕ್ಕ ಹಟಕ್ಕೆ ತೆಗೆದುಕೊಂಡಳು. ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ ಕಲ್ಲಿನಂತಿತ್ತು. ಮರದ ಸೌಟು ಒತ್ತಿದರೆ ಬೋಗುಣಿಯೇ ಬುಗುರಿಯಂತೆ ತಿರುಗಿತು. ಮೆಲ್ಲಗೆ ಎಡಗೈ ಮುಂದೆ ಬಂದರೆ ತಂಗಿ ಅದರ ಮೇಲೊಂದು ಏಟು ಹಾಕಿದಳು: "ಇದಕ್ಕೆ ರಜೆ." ಅರೆಬರೆ ಕಲಸಿ ಬೇಯಿಸಿದ ಕುಕಿಯನ್ನು ತಂಗಿಯೇ ಕಚ್ಚಿ ನೋಡಿ ದವಡೆ ನೀವಿಕೊಂಡಳು.

"ಚೆನ್ನಾಗಿದೆ ಅಕ್ಕಾ. ಬಸ್ಸು ಇಳಿಜಾರಲ್ಲಿ ನಿಲ್ಸಿದ್ರೆ ಚಕ್ರಕ್ಕೆ ಅಡ್ಡ ಇಡಬಹುದು."

ಅಕ್ಕ ನಗಲಿಲ್ಲ. ಮುಂದಿನ ರಜಾದಿನ ಬೆಣ್ಣೆಯನ್ನು ಬೆಳಿಗ್ಗೆಯೇ ಹೊರಗಿಟ್ಟಳು. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಾದ ಮೇಲೆ, ಬೋಗುಣಿಯ ಕೆಳಗೆ ಒದ್ದೆ ಬಟ್ಟೆ ಹಾಸಿ ಕೆಲಸಕ್ಕೆ ನಿಂತಳು. ಈ ಸಲ ಬೋಗುಣಿ ಅಲ್ಲಾಡಲಿಲ್ಲ. ಮೊದಲು ಸಕ್ಕರೆ ಕರಕರ ಎಂದಿತು. ಮಣಿಕಟ್ಟಿನಲ್ಲಿ ಎದ್ದ ನೋವು ಮೊಣಕೈವರೆಗೆ ಹರಿದು, ಕಣ್ಣಲ್ಲಿ ನೀರು ತರಿಸಿತು. ನಿಲ್ಲಿಸಿ, ಕೈ ಒದರಿ, ಮತ್ತೆ ಸೌಟು ಹಿಡಿದಳು.

ತಂಗಿಗೆ ನೋಡಲಾಗಲಿಲ್ಲ. "ಸಾಕು ಬಿಡೇ. ಪಕ್ಕದ್ಮನೆ ಆಂಟಿ ಹತ್ರ ಕರೆಂಟಿನ ಮಿಕ್ಸರ್ ಇದೆ, ತರ್ತೀನಿ. ಎರಡು ನಿಮಿಷದ ಕೆಲಸ."

"ಮಿಕ್ಸರ್ ತಿರುಗಿದ್ರೆ ನನ್ನ ಕೈ ನೆಟ್ಟಗಾಗುತ್ತಾ? ಕೂತ್ಕೋ ಸುಮ್ನೆ."

ಗೊಟಾಯಿಸುತ್ತ ಹೋದಂತೆ ಕರಕರ ಸದ್ದು ಅಡಗಿತು. ಹಳದಿ ಬೆಣ್ಣೆ ಬಿಳಿಚಿ, ಉಬ್ಬಿ, ಹತ್ತಿಯಂತೆ ಹಗುರಾಗಿ ಸೌಟಿನ ಜೊತೆ ಏಳತೊಡಗಿತು. ಅಕ್ಕ ಕಣ್ಣರಳಿಸಿ ನೋಡಿದಳು. ಅದನ್ನು ಮಾಡಿದ್ದು ಈ ಕೈ. ಮೊಟ್ಟೆ ಒಡೆದು ಹಾಕಿದಳು, ಮೈದಾ ಜರಡಿ ಹಿಡಿದಳು, ಚಾಕಲೇಟ್ ಚೂರು ಸೇರಿಸಿದಳು. ಉಂಡೆ ಕಟ್ಟಲು ಹಿಟ್ಟನ್ನು ಅಂಗೈಗೆ ತೆಗೆದುಕೊಂಡಾಗ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡು ಅದರ ಸುತ್ತ ಕೂಡಿದವು. ಕಿರುಬೆರಳು ತುಸು ತಡವಾಗಿ, ಮುನಿಸಿಕೊಂಡ ನೆಂಟನಂತೆ ಬಂದು ಸೇರಿತು.

"ಏ, ಇಲ್ನೋಡೇ," ಎಂದಳು.

ತಂಗಿ ನೋಡಿದಳು. ಬಳಿಗೆ ಬಂದು ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು.

ಒವನ್ನಿನ ಗಾಜಿನ ಮುಂದೆ ಇಬ್ಬರೂ ಕುಕ್ಕುರುಗಾಲಲ್ಲಿ ಕೂತರು. ಉಂಡೆಗಳು ಮೆಲ್ಲನೆ ಹರಡಿ, ಅಂಚು ಕೆಂಪಾಗಿ, ನಡುವೆ ಬಿರುಕು ಬಿಟ್ಟವು. ಘಮಲು ಗೋಡೆ ದಾಟಿತ್ತೇನೋ, ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಳು. ಒಂದನ್ನು ಬಾಯಿಗೆ ಹಾಕಿಕೊಂಡು ಕರಗಿಸಿ, ಇನ್ನೊಂದಕ್ಕೆ ಕೈ ಚಾಚಿದಳು.

"ನಂದು ಇಷ್ಟು ಹಗುರಾಗಿ ಬರೋದೇ ಇಲ್ಲ. ಯಾವ ಮಿಕ್ಸರ್ ತಗೊಂಡ್ರಿ?"

ಅಕ್ಕ ಮೈದಾ ಮೆತ್ತಿದ ಬಲಗೈಯನ್ನು ಎತ್ತಿ ತೋರಿಸಿದಳು. "ಇದು. ರಿಪೇರಿ ಆಗಿ ಬಂದಿದೆ."

ತಂಗಿ ಅಷ್ಟರಲ್ಲಿ ಬಾಯಿ ಸುಟ್ಟುಕೊಂಡು ನಾಲ್ಕನೆಯದನ್ನು ಕೈಗೆತ್ತಿಕೊಂಡಿದ್ದಳು. ಅಕ್ಕ ಒಂದು ಕುರ್ಚಿ ಎಳೆದುಕೊಂಡು ರಾಣಿಯಂತೆ ಕೂತು, ತಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ನಿಧಾನವಾಗಿ ತಿಂದಳು.