ಚೆನ್ನಾಗೈತೆ ಅನ್ನದ ಊರು

ನಮ್ಮ ಹೊಂಗನೂರಿನಲ್ಲಿ ರೇಷ್ಮೆ ಹುಳು ಹೇಗಿದೆ ಎಂದು ಯಾರನ್ನು ಕೇಳಿದರೂ ಮುಖ ಸಪ್ಪಗೆ ಮಾಡಿಕೊಂಡು "ಏನೋ ಐತೆ ಬುಡಿ" ಎನ್ನುತ್ತಾರೆ. ಒಳಗೆ ಬೆಳೆ ಭರ್ಜರಿಯಾಗಿದ್ದರೂ ಹೊರಗೆ ಬಂದು ಅದೇ ಮಾತು. ಚೆನ್ನಾಗಿದೆ ಅಂದರೆ ದೃಷ್ಟಿ ತಗಲುತ್ತದಂತೆ. ನಾನೂ ಹಾಗೇ ಅನ್ನುವವಳು, ಅದರಲ್ಲಿ ಮುಚ್ಚುಮರೆ ಏನು ಬಂತು.

ನಾನು ಮೀನಾಕ್ಷಮ್ಮ. ಸುತ್ತಮುತ್ತಲಿಗೆಲ್ಲ ಚಾಕಿ ಹುಳು ಕೊಡುವವಳು. ಮೊಟ್ಟೆಯೊಡೆದ ಹುಳುವನ್ನು ಎರಡು ಸಲ ಪೊರೆ ಕಳಚುವವರೆಗೆ ಕೂಸಿನ ಹಾಗೆ ಸಾಕಿ ರೈತರ ಮನೆಗೆ ಕಳಿಸುತ್ತೇನೆ. ಅದೇ ಚಾಕಿ. ಯಜಮಾನರು ತೀರಿಕೊಂಡ ಮೇಲೆ ನಾನು ತಲೆಯೆತ್ತಿ ಓಡಾಡಿದ್ದೇ ಈ ಚಾಕಿ ಮನೆಯಿಂದ.

ಮೈಸೂರು ರಸ್ತೆ ಅಗಲ ಮಾಡುತ್ತಿದ್ದ ಕಾಲವದು. ಆ ಬೇಸಿಗೆಯಲ್ಲಿ ಕೆಲವರ ಮನೆ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನದೆ, ಬೆಳೆಯದೆ, ಮುದುಡಿ ಸಾಯತೊಡಗಿದವು. ಡೈರಿ ಸೆಕ್ರೆಟರಿ ಅನಂತರಾಜುವಿನ ಮನೆಯಲ್ಲಂತೂ ಪೂರ್ತಿ ಬೆಳೆಯೇ ಹೋಯಿತು. ಅವನು ಡೈರಿ ಮುಂದೆ ನಿಂತು ಹಾಲು ಹಾಕಲು ಬಂದವರಿಗೆಲ್ಲ ಕೇಳುವಂತೆ ಕೂಗಿದ.

"ರೋಗ ಚಾಕಿನಲ್ಲೇ ಐತೆ ಕಣ್ರಲಾ! ಆವಮ್ಮ ಹುಳ ಕೊಡ್ತಿಲ್ಲ, ಕಾಯ್ಲೆ ಹಂಚ್ತಾವ್ಳೆ. ಸೋಮವಾರ ಎಲ್ರೂ ಸೇರನ. ಆ ಚಾಕಿ ಮನೆಗೆ ಬೀಗ ಜಡೀಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ನಾಲ್ಕು ಮಾತು ಬಿಗಿದುಬರೋಣ ಎಂದು ಸೆರಗು ಸಿಕ್ಕಿಸಿದೆ. ತಡೆದವಳು ನೇತ್ರಾ, ನನ್ನ ಅಣ್ಣನ ಮಗಳು. ಮೈಸೂರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲೆಕ್ಕದ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ರಜೆಗೆ ಬಂದಿದ್ದಳು.

"ಜಗಳ ಆಡಿದ್ರೆ ಯಾರೂ ನಂಬಲ್ಲ ಅತ್ತೆ. ಹುಳು ಎಲ್ಲಿ ಸತ್ತಿವೆ, ಎಲ್ಲಿ ಸತ್ತಿಲ್ಲ, ನೋಡೋಣ. ಯಾವ ತೋಟದ ಸೊಪ್ಪು, ಯಾವ ನೀರು, ಹುಳುವಿನ ತಟ್ಟೆಗೆ ಉದುರಿಸೋದು ಯಾವ ಸುಣ್ಣ, ಎಲ್ಲಾ ಕೇಳಿ ಕಂಪ್ಯೂಟರಿಗೆ ಹಾಕಿದ್ರೆ ವ್ಯತ್ಯಾಸ ಎಲ್ಲಿದೆ ಅಂತ ಅದೇ ತೋರಿಸುತ್ತೆ. ಊರಲ್ಲಿ ಜ್ವರ ಎಲ್ಲಿಂದ ಹರಡ್ತು ಅಂತ ಡಾಕ್ಟರುಗಳು ಹುಡುಕೋದೂ ಹೀಗೇನೆ."

ಬಿಸಿಲಲ್ಲಿ ಮನೆಮನೆ ತಿರುಗಿದಳು. ಚನ್ನಪಟ್ಟಣದ ಕಂಪ್ಯೂಟರ್ ಸೆಂಟರಿಗೆ ಬಸ್ಸಿನಲ್ಲಿ ಹೋಗಿ ಬಂದಳು. ಬಂದವಳ ಮುಖ ನೋಡಲಾಗಲಿಲ್ಲ.

"ಎಲ್ಲಾ ಮನೆ ಹುಳುನೂ ಹಾಳಾಗಿದೆ ಅತ್ತೆ. ಎಲ್ಲರಿಗೂ ಸಮವಾಗಿರೋದು ನಿನ್ನ ಚಾಕಿ ಒಂದೇ."

ನನಗೆ ಏನೋ ಹೊಳೆದು ಕೇಳಿದೆ. "ಹಿಂದಿನ ಬೀದಿ ಚಿಕ್ಕಲಕ್ಷ್ಮಮ್ಮ ಏನಂದ್ಲು?"

"ಅಯ್ಯೋ, ಏನ್ ಹುಳ ಬುಡವ್ವ, ಎಲ್ಲಾ ಹೋಗ್ಬುಟ್ಟೊ ಅಂದ್ರು."

"ಅವಳ ಮನೆ ಮುಂಡಾಮೋಚ್ತು! ಬೆಳಿಗ್ಗೆ ಗಾಡಿ ತುಂಬ ಸೊಪ್ಪು ಅವಳ ಮನೆಗೇ ಹೋಯ್ತಲ್ಲೇ. ಸತ್ತ ಹುಳ ತಿಂತವಾ? ದೃಷ್ಟಿಗೆ ಹೆದರ್ಕೊಂಡು ಊರಿಗೂರೇ ನಿಂಗೆ ಸುಳ್ಳು ಹೇಳೈತೆ ಕಣೆ!"

ನೇತ್ರಾ ಬಾಯಿ ಬಿಟ್ಟುಕೊಂಡು ಕೂತಳು. ಚಿಕ್ಕಲಕ್ಷ್ಮಮ್ಮನ ಬೆಳೆ ಚೆನ್ನಾಗಿದೆ ಎಂದು ಸೋಮವಾರ ನಾನೇ ಸಾರಬಹುದಿತ್ತು. ಆದರೆ ಇನ್ನೊಬ್ಬರ ಬೆಳೆಯನ್ನು ನಾಲ್ಕು ಜನರ ಮುಂದೆ ಹೊಗಳಿದರೆ ನಾನೇ ಕಣ್ಣು ಹಾಕಿದ ಹಾಗೆ. ಅಂಥ ಕೆಲಸ ನನ್ನಿಂದ ಸಾಧ್ಯವಿರಲಿಲ್ಲ. ಆ ಸಂಜೆ ನಾನು ಚಾಕಿ ಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ನೇತ್ರಾ ಪಕ್ಕದಲ್ಲಿ ಬಂದು ಕೂತಳು. "ಜನ ಬಾಯಿಬಿಟ್ಟು ಹೇಳದ ವಿಷಯ ಕೇಳೋಕೆ ಒಂದು ದಾರಿ ಇದೆ ಅತ್ತೆ. ಹೇಳೋಕೆ ನಾಚ್ಕೆ ಪಡೋ ಕಾಯಿಲೆ ಇರುತ್ತಲ್ಲ, ಅದನ್ನ ತಿಳ್ಕೊಳ್ಳೋಕೂ ಇದೇ ದಾರಿ. ಕಾಸು ಚಿಮ್ಮಿಸೋದು."

"ಕಾಸು ಚಿಮ್ಮೋಕೆ ಪಿಎಚ್‌ಡಿ ಬೇಕೇನೆ?" ಅಂದೆ.

ಅವಳು ನಕ್ಕು ಬಿಡಿಸಿ ಹೇಳಿದಳು. ಮನೆಯವರು ಬಾಗಿಲ ಹಿಂದೆ ಹೋಗಿ, ಅವಳ ಕಣ್ಣಿಗೆ ಬೀಳದ ಹಾಗೆ ಒಂದು ರೂಪಾಯಿ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ, ಹುಳು ಹೇಗೇ ಇರಲಿ, ಚೆನ್ನಾಗಿದೆ ಅನ್ನಬೇಕು. ಇನ್ನೊಂದು ಮುಖ ಬಿದ್ದರೆ ಇದ್ದದ್ದು ಹೇಳಬೇಕು. ಚೆನ್ನಾಗಿದೆ ಅಂದವರು ಕಾಸಿನ ಮಾತು ಹೇಳಿದರೋ ಮನಸ್ಸಿನ ಮಾತು ಹೇಳಿದರೋ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಂದು ಗುಂಪಿನಲ್ಲಿ ಎಲ್ಲರ ಹುಳುವೂ ಸತ್ತಿದ್ದರೂ ಕಾಸಿನ ದೆಸೆಯಿಂದ ಹೆಚ್ಚುಕಡಿಮೆ ಅರ್ಧ ಜನ ಚೆನ್ನಾಗಿದೆ ಅಂದೇ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಬಂದದ್ದೆಲ್ಲ ನಿಜ. ಒಂದು ಮನೆಯ ಗುಟ್ಟು ಹೊರಗೆ ಬೀಳದೆ ಗುಂಪಿನ ಗುಟ್ಟು ಗೊತ್ತಾಗುತ್ತದೆ.

ಮತ್ತೆ ಹೊರಟಳು. ಹೊಂಗನೂರೊಂದೇ ಸಾಲದೆಂದು, ಪಕ್ಕದ ಹಳ್ಳಿಗಳಲ್ಲಿ ನನ್ನ ಚಾಕಿ ತಗೊಂಡಿದ್ದವರ ಮನೆಗೂ ಹೋದಳು. ಚಿಕ್ಕಲಕ್ಷ್ಮಮ್ಮನಿಗೆ ಬಲು ಖುಷಿ. "ನಾನೆಲ್ಲಿ ಹೇಳ್ದೆ, ಕಾಸು ಹೇಳ್ತು. ದೃಷ್ಟಿ ಆದ್ರೆ ಕಾಸಿಗೇ ಆಗ್ಲಿ ಬುಡವ್ವ" ಎಂದು ಬಾಗಿಲ ಹಿಂದಿನಿಂದಲೇ ನಕ್ಕಳಂತೆ.

ಸೋಮವಾರ ಡೈರಿ ಅಂಗಳ ತುಂಬಿತ್ತು. ಅನಂತರಾಜು ಬೀಗವನ್ನೂ ತಂದಿದ್ದ. ನೇತ್ರಾ ಎದ್ದು ನಿಂತಳು.

"ನೀರಿನ ಪ್ರಕಾರ, ಸುಣ್ಣದ ಪ್ರಕಾರ, ಬೀದಿ ಪ್ರಕಾರ ಗುಂಪು ಮಾಡಿಸಿ ನೋಡ್ದೆ. ಯಾವುದ್ರಲ್ಲೂ ವ್ಯತ್ಯಾಸ ಕಾಣಲಿಲ್ಲ. ಸೊಪ್ಪು ಎಲ್ಲಿಯದು ಅಂತ ಗುಂಪು ಮಾಡಿದಾಗ ಎದ್ದು ಕಾಣ್ತು. ಕೆರೆ ಆಚೆ ಹೊಸದಾಗಿ ಇಟ್ಟಿಗೆ ಗೂಡು ಸುಡ್ತಾ ಇದಾರಲ್ಲ, ಅದರ ಹೊಗೆ ಬೀಸೋ ತೋಟಗಳ ಗುಂಪಲ್ಲಿ ಅರ್ಧದಷ್ಟೇ ಜನ ಚೆನ್ನಾಗಿದೆ ಅಂದಿರೋದು. ಅಂದ್ರೆ ಬರೀ ಕಾಸಿನ ಮಾತು, ಹೊಗೆ ಕೂತ ಸೊಪ್ಪು ತಿಂದು ಅಲ್ಲಿ ಹುಳು ಉಳಿದಿಲ್ಲ. ಮಿಕ್ಕ ಕಡೆ ಹೆಚ್ಚುಕಡಿಮೆ ಎಲ್ಲರೂ ಚೆನ್ನಾಗಿದೆ ಅಂದಿದಾರೆ. ಚಾಕಿ ಎಲ್ಲರಿಗೂ ಒಂದೇ. ರೋಗ ಚಾಕಿದಾಗಿದ್ರೆ ಅವರದೂ ಹೋಗ್ಬೇಕಿತ್ತಲ್ಲ?"

ಅನಂತರಾಜು ಕೈ ಎತ್ತಿದ.

"ಕಾಸು ಚಿಮ್ಮಿ ನ್ಯಾಯ ಮಾಡಕ್ಕೆ ಇದೇನ್ ಜೂಜ್ ಕಟ್ಟೇನಾ? ಮಿಕ್ಕೋರ್ದು ಚೆನ್ನಾಗೈತಂತೆ! ಯಾರ್ದಪ್ಪ ಚೆನ್ನಾಗಿರೋದು? ಒಬ್ಬ ಎದ್ದು ನಿಂತ್ಕೊಂಡ್ ಹೇಳ್ಲಿ ನೋಡಣ!"

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಈ ಊರಿನಲ್ಲಿ ಯಾರು ಎದ್ದು ನಿಂತಾರು? ನೇತ್ರಾ ನನ್ನ ಕೈ ಹಿಡಿದುಕೊಂಡಳು.

ಆಗ ಹೆಂಗಸರ ಸಾಲಿನಲ್ಲಿ ಚಿಕ್ಕಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದಳು.

"ನಂದು ಚೆನ್ನಾಗೈತೆ" ಅಂದಳು. "ಮೀನಾಕ್ಷಮ್ಮನ್ ಚಾಕಿನೇ. ಬೆರಳ್ ದಪ್ಪ ಆಗವೆ."

"ಅಕ್ಕ, ಬಾಯ್ ಮುಚ್ಕೊ, ಜನ ಅವ್ರೆ" ಎಂದು ಯಾರೋ ಸೆರಗು ಎಳೆದರು.

"ಇರ್ಲಿ ಬುಡೆ. ಇಷ್ಟ್ ದಿನ ನಂದೊಬ್ಳುದೇ ಚೆನ್ನಾಗೈತೆ ಅಂತ ಹೆದ್ರುಕೊಂಡಿದ್ದೆ. ಇಷ್ಟು ಜನುದ್ದು ಚೆನ್ನಾಗಿದ್ಮೇಲೆ ದೃಷ್ಟಿ ಯಾರ್ ಮ್ಯಾಲೆ ಅಂತ ಬಿದ್ದಾತು?"

ಹಿಂದುಗಡೆ, ಕೆರೆ ಈಚೆ ತೋಟದ ದೊಡ್ಡಹನುಮಯ್ಯ ಎದ್ದ. "ನಂದೂವೆ." ಬೇಲಿ ಪಕ್ಕದಿಂದ ಅಖ್ತರಿ, "ನಮ್ದೂ ಚೆನ್ನಾಗಿದೆ ಮೀನಾಕ್ಷಕ್ಕ" ಎಂದಳು. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು. ಹುಟ್ಟಿದಾರಭ್ಯ ಆ ಮಾತು ಆಡದ ಬಾಯಿಗಳು ನನ್ನ ಮರ್ಯಾದೆಗಾಗಿ ಆಡುತ್ತಿದ್ದವು. ನನಗೆ ದುಃಖ ಒತ್ತರಿಸಿ ಬಂತು, ಸಂತೋಷವೂ ಅಷ್ಟೇ ಬಂತು.

ಅನಂತರಾಜು ಕಲ್ಲಿನ ಮೇಲೆ ಕುಸಿದು ಕೂತಿದ್ದ. ಅವನ ತೋಟ ಇಟ್ಟಿಗೆ ಗೂಡಿನ ಮಗ್ಗುಲಿಗೇ ಇತ್ತು. ದೊಡ್ಡಹನುಮಯ್ಯ ಹೋಗಿ ಅವನ ಭುಜ ಅಲ್ಲಾಡಿಸಿದ.

"ಇಟ್ಟಿಗೆ ಗೂಡಿನೋರ್ ತಾವ್ಕೆ ನಾಳೆ ಎಲ್ರೂ ಹೋಗನ ಕಣ್ಲಾ. ಹೊಗೆ ನಿಲ್ಲೋವರ್ಗೂ ನಮ್ ತ್ವಾಟದ್ ಸೊಪ್ಪು ಕುಯ್ಕೊ."

ಅನಂತರಾಜು ಎದ್ದು ನನ್ನ ಮುಂದೆ ಬಂದು ನಿಂತ. ಬೈಯಲು ನಾನು ಮಾತು ಜೋಡಿಸಿಕೊಂಡಿದ್ದೆ, ಅವನ ಮುಖ ನೋಡಿ ಒಂದೂ ಬರಲಿಲ್ಲ.

"ಅಕ್ಕ" ಎಂದ. "ಈಗ ನಿನ್ ಮನೇಲಿರೋ ಚಾಕಿ... ಹೆಂಗವೆ?"

ಅಂಗಳವೆಲ್ಲ ನನ್ನತ್ತ ತಿರುಗಿತು. ಬಾಯಿಗೆ ಹಳೇ ಮಾತೇ ಬಂತು, ನುಂಗಿಕೊಂಡೆ.

"ಚೆನ್ನಾಗವೆ ಕಣಪ್ಪ" ಅಂದೆ. "ತುಂಬ ಚೆನ್ನಾಗವೆ. ಬಂದು ತಗೊಂಡೋಗು."