ಕೆರಿಯಮ್ಮ ರಾಮೇಶ್ವರಕ್ಕೆ ಹೊರಟದ್ದು

ಮೇಗರವಳ್ಳಿಯ ಯಮುನಮ್ಮನಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಅತ್ತೆ ಕೆರಿಯಮ್ಮನ ಕಣ್ಣು ಮಂಜಾಗುತ್ತಿತ್ತು. ವಾಸಿಯಾಗುವಂಥದ್ದಲ್ಲ ಎಂದಿದ್ದರು ಡಾಕ್ಟರು. ಪೂರ್ತಿ ಹೋಗುವ ಮೊದಲು ರಾಮೇಶ್ವರದ ಸಮುದ್ರ ನೋಡಬೇಕೆಂಬುದು ಮುದುಕಿಯ ಆಸೆ.

ಹೋಗುವುದು ಹೇಗೆ? ಒಬ್ಬರು ಕಾರು ಮಾಡಿ ಎಂದರು, ಇನ್ನೊಬ್ಬರು ವಿಮಾನವೇ ಅಗ್ಗ ಎಂದರು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಅರ್ಧ ದರ ಎಂದು ಫೋನಿಗೊಂದು ಮೆಸೇಜು ಬಂತು. ಗಂಡ ದುಗ್ಗಪ್ಪ, ದೀಪಾವಳಿ ಮುಗಿಸಿ ಹೊರಡೋಣ ಎಂದ. ಮರುದಿನ ಅವನೇ, ಇದೆಲ್ಲ ನಮ್ಮಂಥವರಿಗಲ್ಲ ಎಂದ.

ಪಂಚಾಯಿತಿ ಗ್ರಂಥಾಲಯದ ಸುಷ್ಮಾ ರಾಮೇಶ್ವರ ನೋಡಿ ಬಂದವಳು. ಯಮುನಮ್ಮ ಅವಳನ್ನು ಮನೆಗೇ ಕರೆತಂದಳು.

"ದೀಪಾವಳಿ ಹೊತ್ತಿಗೆ ನಮ್ಗೆ ಮಳೆ ಬಿಡ್ತದೆ ದುಗ್ಗಪ್ಪಣ್ಣ, ಅಲ್ಲಿ ಆಗ್ಲೇ ಹಿಡಿಯೋದು," ಎಂದಳು ಸುಷ್ಮಾ.

"ಒಂದೇ ದೇಶದಲ್ಲಿ ಎರಡು ಮಳೆಗಾಲ ಇರ್ತದಾ?"

"ದೇಶ ಅಷ್ಟು ದೊಡ್ಡದಲ್ವಾ."

ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಡಿ ಎಂದಳು. ಎರಡು ತಿಂಗಳು ಮೊದಲೇ ಶಿವಮೊಗ್ಗ ಸ್ಟೇಷನ್ನಿನಲ್ಲಿ ಸ್ಲೀಪರ್ ಟಿಕೆಟ್ ಮಾಡಿಸಿ, ಅಜ್ಜಿಗೆ ಕೆಳಗಿನ ಬರ್ತ್ ಕೇಳಿ. ಗುರುತಿಲ್ಲದವರ ಮೆಸೇಜಿಗೆ ಹಣ ಹಾಕಬೇಡಿ. ತಟ್ಟೆ, ಲೋಟ, ನೀರು ಮನೆಯಿಂದಲೇ ಒಯ್ಯಿರಿ. ಕಸಕ್ಕೂ ಒಂದು ಚೀಲ ಇರಲಿ.

ಕಸದ ಚೀಲ ಎಂದಾಗ ದುಗ್ಗಪ್ಪ ನಕ್ಕ. ಪರವೂರಲ್ಲಿ ಯಾರು ನೋಡುತ್ತಾರೆ ಎಂದ. ಯಮುನಮ್ಮ ಅವನ ಪಾದದ ಕಡೆ ನೋಡಿದಳು. ಆಗುಂಬೆ ನೋಡಲು ಬಂದವರ್‍ಯಾರೋ ಹಳ್ಳಕ್ಕೆಸೆದ ಬಾಟಲಿಯ ಚೂರು ಗದ್ದೆಗೆ ಹರಿದು ಬಂದು, ನಾಟಿಯ ದಿನ ಅದನ್ನು ಸೀಳಿತ್ತು.

"ಅವ್ರೂ ಹಂಗೇ ಅಂದ್ಕೊಂಡಿದ್ರು," ಎಂದಳು.

ದುಗ್ಗಪ್ಪ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

ಫೆಬ್ರವರಿಯಲ್ಲಿ ಮೂವರೂ ಹೊರಟರು. ರೈಲು ಬದಲಿಸಲು ಮಧುರೈಯಲ್ಲಿ ಇಳಿದಾಗ ಭಾಷೆ ತಿಳಿಯದು, ಮುಂದಿನ ರೈಲು ಎಲ್ಲಿ ನಿಲ್ಲುತ್ತದೆಂದೂ ಗೊತ್ತಿಲ್ಲ. ದುಗ್ಗಪ್ಪ ಕಂಗಾಲಾಗಿ ನಿಂತುಬಿಟ್ಟ. ಯಮುನಮ್ಮ ವಿಚಾರಣೆಯ ಕಿಟಕಿ ಹುಡುಕಿ ಟಿಕೆಟ್ ತೋರಿಸಿದಳು. ಒಳಗಿದ್ದವರು ನಾಲ್ಕು ಬೆರಳೆತ್ತಿದರು. ನಾಲ್ಕನೇ ಪ್ಲಾಟ್‌ಫಾರ್ಮಿಗೆ ಹೋಗಿ, ಇದೇ ರೈಲೋ ಅಲ್ಲವೋ ಎಂಬ ಅನುಮಾನದಲ್ಲೇ ಹತ್ತಿದರು.

ರೈಲು ಸಮುದ್ರದ ಮೇಲಿನ ಸೇತುವೆಗೆ ಬಂದ ಮೇಲೆ ಅನುಮಾನ ಹೋಯಿತು. ಎದುರಿನವರು ಟೀ ಕಪ್ಪನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದಾಗ, ದುಗ್ಗಪ್ಪ ಕಸದ ಚೀಲವನ್ನು ಮುಂದೆ ಹಿಡಿದ. ಕೆರಿಯಮ್ಮ ಕಿಟಕಿಯ ಕಂಬಿಗೆ ಹಣೆ ಹಚ್ಚಿ ಕೂತಿದ್ದರು.

"ಬೆಳ್ಳಗೆ ಕಾಣೋದೆಲ್ಲ ನೀರೇನೇ?"

"ಹೌದತ್ತೆ, ಎಲ್ಲ ನೀರೇ."

ನೀವೂ ಹೊರಡಿ. ಹೋಗುವ ಊರಿನ ಮಳೆ ಬಿಸಿಲು ತಿಳಿದುಕೊಳ್ಳಿ, ಟಿಕೆಟ್ ಮುಂಚೆಯೇ ಮಾಡಿಸಿ, ಕಂಡವರ ಊರನ್ನು ಸ್ವಚ್ಛವಾಗಿಯೇ ಬಿಟ್ಟು ಬನ್ನಿ. ಗೊತ್ತಾಗದಿದ್ದರೆ ಕೇಳಲು ನಾಚಬೇಡಿ. ನಿಮ್ಮ ಮನೆಯ ಹಿರಿಯರಿಗೆ ಏನು ನೋಡುವ ಆಸೆಯಿದೆ ಎಂದು ಇವತ್ತೇ ವಿಚಾರಿಸಿ. ಮುಂದಿನ ವರ್ಷಕ್ಕೆ ಎನ್ನಬೇಡಿ.